ಗೇರೆಣ್ಣೆ ಹಚ್ಚಿದ ಕೋವಿ

ನನಗೆ ಸಿಟ್ಟು ಬೇಗ ಬರುತ್ತದೆ. ಬಂದಷ್ಟೇ ಬೇಗ ಹೋಗುತ್ತದೆ ಎಂದು ನಾನು ಹೇಳಿಕೊಳ್ಳುತ್ತೇನೆ, ಮನೆಯವರು ಒಪ್ಪುವುದಿಲ್ಲ. ಶಿರಸಿಯಲ್ಲಿ ನನ್ನದೊಂದು ಕನ್ನಡಕದ ಅಂಗಡಿ ಇದೆ. ಬಂದವರನ್ನು ಕುರ್ಚಿಯಲ್ಲಿ ಕೂರಿಸಿ, ಗೋಡೆಯ ಮೇಲಿನ ಅಕ್ಷರ ಓದಿಸಿ, ಈ ಗಾಜಿನಲ್ಲಿ ಚೆನ್ನಾಗಿ ಕಾಣುತ್ತದೆಯೋ ಆ ಗಾಜಿನಲ್ಲೋ ಎಂದು ಕೇಳುವುದು ನನ್ನ ಕೆಲಸ. ಎರಡರಲ್ಲೂ ಒಂದೇ ಥರ ಕಾಣುತ್ತದೆ ಎನ್ನುವವರೊಂದಿಗೆ ದಿನವಿಡೀ ನಗುನಗುತ್ತ ಇದ್ದು ಸಂಜೆಯ ಹೊತ್ತಿಗೆ ನನ್ನ ಪಾಲಿನ ತಾಳ್ಮೆಯೆಲ್ಲ ಖರ್ಚಾಗಿರುತ್ತಿತ್ತು. ಮನೆಗೆ ಹೋದರೆ ಗಂಡನ ಮೇಲೋ ಕುಕ್ಕರಿನ ಮೇಲೋ ಹಾಯುತ್ತಿದ್ದೆ.

ಅಂಥ ದಿನಗಳಲ್ಲೇ ನಮ್ಮ ಅಂಗಡಿಯ ಹಿಂದಿನ ರಸ್ತೆಯಲ್ಲಿ, ನಿಂತುಹೋದ ಅಕ್ಕಿ ಗಿರಣಿಯೊಳಗೆ ಶೂಟಿಂಗ್ ಕ್ಲಬ್ಬು ಶುರುವಾಯಿತು. ನಡೆಸುವವರು ಸೇನೆಯಿಂದ ನಿವೃತ್ತರಾಗಿ ಬಂದ ಸುಬೇದಾರರು. ದಾಸನಕೊಪ್ಪದವರು, ದಪ್ಪ ಮೀಸೆ, ಮೆತ್ತಗಿನ ದನಿ. ಓದುವ ಕನ್ನಡಕ ಮಾಡಿಸಿಕೊಳ್ಳಲು ನನ್ನಲ್ಲಿಗೆ ಬಂದಿದ್ದರು. ಗಾಜು ಬದಲಿಸುತ್ತ ನಾನು ಗೊಣಗಿದ್ದನ್ನು ಕೇಳಿಸಿಕೊಂಡು, ನೀವೊಮ್ಮೆ ನಮ್ಮಲ್ಲಿಗೆ ಬಂದು ನಾಲ್ಕು ಗುಂಡು ಹೊಡೆದು ಹೋಗಿ ಎಂದು ಕರೆದರು. ತಮಾಷೆಗೆಂದು ಹೋದೆ. ಗಾಳಿಯ ಒತ್ತಡದಿಂದ ಸೀಸದ ಸಣ್ಣ ಗುಂಡು ಹಾರಿಸುವ ಏರ್ ರೈಫಲ್ಲು. ಗಿರಣಿಯ ಆ ತುದಿಯಲ್ಲಿ ಒಂದು ಕಾಗದ, ಅದರ ಮೇಲೆ ಕಪ್ಪು ವೃತ್ತ. ಉಸಿರು ಅರ್ಧ ಬಿಟ್ಟು, ಅರ್ಧ ಹಿಡಿದು, ಬೆರಳನ್ನು ಮೆಲ್ಲಗೆ ಎಳೆಯಬೇಕು. ಆ ಅರ್ಧ ಉಸಿರಿನಲ್ಲಿ ನನ್ನನ್ನು ಯಾರೂ ಏನೂ ಕೇಳುವುದಿಲ್ಲ, ನಾನೂ ಯಾರಿಗೂ ಉತ್ತರ ಕೊಡಬೇಕಿಲ್ಲ. ಗುಂಡು ಕಾಗದಕ್ಕೂ ತಾಗದೆ ಹಿಂದಿನ ಹಲಗೆಗೆ ಬಡಿಯಿತು. ಆದರೆ ಆವತ್ತು ಮನೆಗೆ ಹಾಡು ಗುನುಗುತ್ತ ಹೋದೆ. ಏನಾಯಿತು ಇವಳಿಗೆ ಎಂದು ಗಂಡ ಹಣೆ ಮುಟ್ಟಿ ನೋಡಿದರು.

ಹೀಗೆ ನಲವತ್ತು ದಾಟಿದ ಮೇಲೆ ನನಗೊಂದು ಹುಚ್ಚು ಹಿಡಿಯಿತು. ಕ್ಲಬ್ಬಿನ ರೈಫಲ್ಲು ಸಾಕಾಗದೆ ನನ್ನದೇ ಒಂದು ತರಿಸಿಕೊಂಡೆ. ಅದೂ ಸಾದಾ ರೈಫಲ್ಲಲ್ಲ, ಚಾಸಿ ಇರುವಂಥದ್ದು. ಅಂದರೆ ಕೋವಿಗೆ ಸಾಮಾನ್ಯವಾಗಿ ಇರುವ ಮರದ ಹಿಡಿಯ ಬದಲು ಅಲ್ಯುಮಿನಿಯಂ ಚೌಕಟ್ಟು. ಅದರ ಮೈತುಂಬ ತಿರುಪುಗಳು. ಒಂದನ್ನು ತಿರುಗಿಸಿದರೆ ಕೆನ್ನೆ ಇಡುವ ಜಾಗ ಮೇಲೇಳುತ್ತದೆ, ಇನ್ನೊಂದನ್ನು ತಿರುಗಿಸಿದರೆ ಭುಜಕ್ಕೆ ತಾಗುವ ತುದಿ ಉದ್ದವಾಗುತ್ತದೆ. ಕನ್ನಡಕದ ಸಣ್ಣ ಮೊಳೆಗಳೊಂದಿಗೆ ಬದುಕುವ ನನಗೆ ಅದು ಹಬ್ಬವೇ ಆಗಿತ್ತು. ನೀಲಿ ಬಣ್ಣದ ಆ ಚಾಸಿಯನ್ನು ದಿನಾ ಒರೆಸಿ ಒರೆಸಿ ಹೊಳೆಯಿಸುತ್ತಿದ್ದೆ.

ಮನೆಯಲ್ಲಿ ಅದನ್ನು ಕಂಡರಾಗದವರು ಒಬ್ಬರೇ, ನನ್ನ ಮಾವ.

ಮಾವ ಎಂದರೆ ಗಂಡನ ಅಪ್ಪ. ಎಂಬತ್ತರ ಆಸುಪಾಸು. ಕಾನಸೂರಿನ ನಮ್ಮ ಮನೆಯ ಜಗಲಿಯ ಗೋಡೆಯಲ್ಲಿ ಎರಡು ಮರದ ಗೂಟಗಳಿವೆ. ಬೆಳೆ ಕಾಯಲೆಂದು ಪರವಾನಗಿ ಪಡೆದ ಮಾವನ ಕೋವಿ ಆ ಗೂಟಗಳ ಮೇಲೆ ಅವರ ಪ್ರಾಯವಿಡೀ ಮಲಗಿತ್ತು. ಕೆಲವು ವರ್ಷಗಳ ಹಿಂದೆ ಅವರ ಕೈ ನಡುಗಲು ಶುರುವಾಯಿತು. ಯಾರೂ ಹೇಳುವ ಮುಂಚೆಯೇ ಒಂದು ಬೆಳಿಗ್ಗೆ ಶರ್ಟು ಹಾಕಿಕೊಂಡು, ಕೋವಿಯನ್ನು ಗೋಣಿಯಲ್ಲಿ ಸುತ್ತಿಸಿಕೊಂಡು, ಮಗನ ಜೊತೆ ಹೋಗಿ ಠಾಣೆಗೆ ಒಪ್ಪಿಸಿ ಪರವಾನಗಿಯನ್ನೂ ಬಿಟ್ಟುಕೊಟ್ಟು ಬಂದರು. ಬಂದವರೇ ಕೊಡೆಯನ್ನು ಆ ಗೂಟಗಳ ಮೇಲೆ ಅಡ್ಡ ಇಟ್ಟರು. ಆಮೇಲೆ ಆ ಕೋವಿಯ ಸುದ್ದಿಯನ್ನು ಅವರು ಎತ್ತಲಿಲ್ಲ, ನಾವೂ ಎತ್ತಲಿಲ್ಲ. ಕೊಡೆ ಮಾತ್ರ ಅಲ್ಲೇ ಇತ್ತು.

ನನ್ನ ರೈಫಲ್ಲು ಬಂದ ದಿನ ಅವರು ಅದನ್ನು ದೂರದಿಂದಲೇ ನೋಡಿದರು. ಪರವಾನಗಿ ಬೇಡದ್ದು, ಮದ್ದಿಲ್ಲದ್ದು, ಮರವೂ ಇಲ್ಲದ್ದು, ಇದು ಪಂಪ್‌ಸೆಟ್ಟಿನ ಬಿಡಿಭಾಗವಲ್ಲದೆ ಮತ್ತೇನು ಎನ್ನುವುದು ಅವರ ಅಭಿಪ್ರಾಯ. ಚಾಸಿ ಎನ್ನುವ ಹೆಸರು ಕೇಳಿದ ಮೇಲಂತೂ ಅವರಿಗೆ ನಗು ತಡೆಯಲಾಗಲಿಲ್ಲ.

"ಚಾಸಿ ಇಪ್ಪದು ಲಾರಿಗೆ ಅಲ್ದನೇ ಕೂಸೇ? ಕೋವಿಗೆ ಎಂತಕ್ಕೆ?"

ನಾನು ಬಟ್ಟೆ ಕೈಗೆತ್ತಿಕೊಂಡೆ. ಹೊಳೆಯುವುದನ್ನು ಇನ್ನಷ್ಟು ಹೊಳೆಯಿಸಿದೆ.

ಆ ಚಾಸಿಯೇ ನನಗೆ ಮುಳುವಾಯಿತು. ಅದು ಭಾರ ಎನ್ನುವುದು ಗೊತ್ತಿತ್ತು, ಭಾರವಿದ್ದರೆ ಅಲುಗಾಡುವುದಿಲ್ಲ ಎಂದು ಅದನ್ನೇ ಹೆಮ್ಮೆಯಿಂದ ಹೇಳಿಕೊಂಡು ತಿರುಗುತ್ತಿದ್ದೆ. ಕಳೆದ ಚಳಿಗಾಲದಲ್ಲಿ ಎಡ ಭುಜ ಹಿಡಿದುಕೊಂಡಿತು. ಮೊದಲು ತಲೆ ಬಾಚಲು ಕಷ್ಟವಾಯಿತು, ಆಮೇಲೆ ಮೇಲಿನ ಗೂಡಿನಿಂದ ಡಬ್ಬಿ ತೆಗೆಯಲು. ಡಾಕ್ಟರು ಕೈಯನ್ನು ಆ ಕಡೆ ಈ ಕಡೆ ತಿರುಗಿಸಿ ನನ್ನಿಂದ ಬೈಸಿಕೊಂಡು, ವ್ಯಾಯಾಮ ಬರೆದುಕೊಟ್ಟು, ಭಾರ ಎತ್ತಬೇಡಿ ಎಂದರು. ವ್ಯಾಯಾಮ ಮಾಡಿದೆ. ನೋವು ಅರ್ಧ ಇಳಿಯಿತು, ಇನ್ನರ್ಧ ಅಲ್ಲೇ ಮನೆ ಮಾಡಿಕೊಂಡಿತು. ರೈಫಲ್ಲು ಎತ್ತಿ ನಿಂತರೆ ಸ್ವಲ್ಪ ಹೊತ್ತಿಗೆಲ್ಲ ಕೈ ನಡುಗಿ, ಗುಂಡು ಕಾಗದದ ಮೂಲೆ ಮೂಲೆ ಹುಡುಕಿಕೊಂಡು ಹೋಗುತ್ತಿತ್ತು.

ಸುಬೇದಾರರು ಕೆಲ ದಿನ ನೋಡಿದರು. ಕೊನೆಗೆ ಹತ್ತಿರ ಬಂದು ಮೆತ್ತಗೆ ಹೇಳಿದರು: "ಅಕ್ಕಾರ, ಈ ಚಾಸಿ ಬಿಚ್ಚರಿ. ಸಾದಾ ಫೈಬರ್ ಹಿಡಿ ಹಾಕೂಣು. ಭುಜ ಉಳದ್ರ ಆಟ ಉಳಿತೈತಿ."

ನನಗೆ ಅವಮಾನವಾಯಿತು. ಫೈಬರ್ ಹಿಡಿ ಎಂದರೆ ಹೊಸದಾಗಿ ಕಲಿಯುವವರಿಗೆ ಕೊಡುವ ಕಪ್ಪು ಪ್ಲಾಸ್ಟಿಕ್ಕಿನದು. ಒಂದು ತಿರುಪೂ ಇಲ್ಲ, ಹೊಳಪೂ ಇಲ್ಲ. ಆಗುವುದಿಲ್ಲ ಎಂದು ಬಂದುಬಿಟ್ಟೆ. ಮೇ ತಿಂಗಳ ಕೊನೆಗೆ ಯಲ್ಲಾಪುರದಲ್ಲಿ ಸುತ್ತಲಿನ ಕ್ಲಬ್ಬುಗಳ ಪಂದ್ಯವಿತ್ತು. ನಿಂತುಕೊಂಡು ಒಂದಾದ ಮೇಲೊಂದು ಹೊಡೆಯುತ್ತ ಮುಗಿಸಬೇಕಾದ ಪಂದ್ಯ. ಆವತ್ತು ರಾತ್ರಿ ಊಟಕ್ಕೆ ಕೂತಾಗ ಎಲ್ಲರಿಗೂ ಕೇಳುವ ಹಾಗೆ ಘೋಷಿಸಿದೆ. ಯಲ್ಲಾಪುರದಲ್ಲಿ ಪೂರ್ತಿ ಮುಗಿಸಲು ಆಗದಿದ್ದರೆ ರೈಫಲ್ಲನ್ನು ಅಲ್ಲೇ ಸುಬೇದಾರರ ಕೈಗೆ ಕೊಟ್ಟು ಕ್ಲಬ್ಬಿಗೆ ಬಿಟ್ಟು ಬರುತ್ತೇನೆ, ಬರಿಗೈಯಲ್ಲಿ ಮನೆಗೆ ಬರುತ್ತೇನೆ, ಮತ್ತೆ ಅದರ ಮಾತೇ ಬೇಡ. ಗಂಡ ಏನೋ ಸಮಾಧಾನ ಹೇಳಿದರು. ಮಾವ ಮಜ್ಜಿಗೆ ಕುಡಿಯುತ್ತಿದ್ದವರು ಲೋಟ ಕೆಳಗಿಟ್ಟು ನನ್ನ ಮುಖ ನೋಡಿದರು.

ಸಿಟ್ಟಿನಲ್ಲಿ ಹೇಳಿದ್ದು ನಿಜ. ಆದರೆ ಹೇಳಿದ ಮೇಲೆ ಇಷ್ಟು ದೊಡ್ಡ ಮಾತು ಬೇಡವಿತ್ತು ಅನ್ನಿಸಿತು. ಆ ಅರ್ಧ ಉಸಿರು ಇಲ್ಲದೆ ನನ್ನ ಸಂಜೆಗಳು ಹೇಗಿರುತ್ತವೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಎರಡು ದಿನ ಮುಖ ಊದಿಸಿಕೊಂಡಿದ್ದು ಮೂರನೆಯ ದಿನ ಸುಬೇದಾರರಿಗೆ ಫೋನು ಮಾಡಿದೆ. ಊಟದ ಹೊತ್ತಿನ ನನ್ನ ಘೋಷಣೆಯನ್ನೂ ಹೇಳಿ, ಫೈಬರ್ ಹಿಡಿ ಎಲ್ಲಿ ಸಿಗುತ್ತದೆ ಎಂದು ಕೇಳಿದೆ. ಅವರು ನಗಲಿಲ್ಲ, ಅದೊಂದು ಉಪಕಾರ ಮಾಡಿದರು. ನಮ್ಮ ಕ್ಲಬ್ಬಿಗೆ ಮೊದಲು ಬರುತ್ತಿದ್ದ ಬಿಳಗಿಯ ಒಬ್ಬರು ನನ್ನ ಹಾಗೆಯೇ ಚಾಸಿಯ ಮೋಹಕ್ಕೆ ಬಿದ್ದು, ತಮ್ಮ ರೈಫಲ್ಲಿನ ಮೂಲ ಹಿಡಿಯನ್ನು ಅಟ್ಟಕ್ಕೆ ಹಾಕಿದ್ದರಂತೆ. ನನ್ನದೂ ಅವರದೂ ಒಂದೇ ಮಾದರಿ. ಭಾನುವಾರ ಸಿದ್ದಾಪುರದ ಮೇಲೆ ಬಿಳಗಿಗೆ ಹೋಗಿ, ಅವರ ಮನೆಯಲ್ಲಿ ಪುನರ್ಪುಳಿ ಪಾನಕ ಕುಡಿದು, ಹಳೆಯ ಪಂಚೆಯಲ್ಲಿ ಸುತ್ತಿಟ್ಟಿದ್ದ ಆ ಕಪ್ಪು ಹಿಡಿಯನ್ನು ತಂದೆ. ಹಲ್ಲಿಯ ಮೊಟ್ಟೆಯೊಂದು ಅದರೊಳಗೆ ಅಂಟಿಕೊಂಡಿತ್ತು.

ಬದಲಾಯಿಸುವ ಕೆಲಸವನ್ನು ಮನೆಯ ಊಟದ ಮೇಜಿನ ಮೇಲೆ ಮಾಡಿದೆ. ಬೇರೆ ಯಾರೂ ಮುಟ್ಟಬಾರದು ಎಂದು ತಾಕೀತು ಮಾಡಿದ್ದೆ. ಮೇಜಿನ ಮೇಲೆ ಹಳೇ ಸೀರೆ ಹಾಸಿ, ಗಾಳಿಯ ಒತ್ತಡ ಇಳಿಸಿ, ಒಳಗೆ ಗುಂಡಿಲ್ಲ ಎಂದು ನೋಡಿ, ಇನ್ನೊಮ್ಮೆ ನೋಡಿ, ರೈಫಲ್ಲಿನ ಹೊಟ್ಟೆಯ ಕೆಳಗಿನ ತಿರುಪುಗಳನ್ನು ಒಂದೊಂದಾಗಿ ಬಿಚ್ಚಿ ಬಟ್ಟಲಿಗೆ ಹಾಕಿದೆ. ಮೇಲಿನ ಭಾಗವನ್ನು ಎತ್ತಿದರೆ ಸಲೀಸಾಗಿ ಬಂತು. ನಳಿಕೆ, ಗಾಳಿಯ ಉರುಳೆ, ಬೆರಳಿನಿಂದ ಎಳೆಯುವ ಕುದುರೆ, ಇಷ್ಟೇ. ಅಷ್ಟು ದೊಡ್ಡದಾಗಿ ಕಾಣುತ್ತಿದ್ದ ನನ್ನ ರೈಫಲ್ಲಿನ ಒಳಗಿನ ರೈಫಲ್ಲು ಬಡಕಲಾಗಿತ್ತು. ಅದನ್ನು ಫೈಬರ್ ಹಿಡಿಯೊಳಗೆ ಕೂರಿಸಿ, ಒಂದೇ ಕಡೆ ಬಿಗಿಯಾಗದ ಹಾಗೆ ಇಲ್ಲಿಷ್ಟು ಅಲ್ಲಿಷ್ಟು ತಿರುಪು ಕೂರಿಸಿದೆ. ನೀಲಿ ಚಾಸಿ ಸೀರೆಯ ಮೇಲೆ ಖಾಲಿ ಬಿದ್ದಿತ್ತು. ಕಣ್ಣಲ್ಲಿ ನೀರು ಬಂತು, ಯಾಕೆ ಸುಳ್ಳು ಹೇಳಲಿ.

ಆಗಲೇ ಹಿಂದಿನಿಂದ ಮಾವ ಬಂದದ್ದು. ಬಾಗಿಲಲ್ಲಿ ನಿಂತು ಎಷ್ಟು ಹೊತ್ತಿನಿಂದ ನೋಡುತ್ತಿದ್ದರೋ ಏನೋ. ಮೇಜಿನ ಹತ್ತಿರ ಬಂದು, ನಾನು ಮುಟ್ಟಬೇಡಿ ಎನ್ನುವ ಮುಂಚೆಯೇ ಎರಡೂ ಕೈಯಲ್ಲಿ ರೈಫಲ್ಲು ಎತ್ತಿ, ನಳಿಕೆಯನ್ನು ಕಿಟಕಿಯ ಕಡೆ ಮಾಡಿ, ಹಿಡಿಯ ಉದ್ದಕ್ಕೂ ಹೆಬ್ಬೆರಳು ಆಡಿಸಿದರು.

"ಈಗ ಕೋವಿ ಆತು ನೋಡು" ಎಂದರು.

ಅಷ್ಟು ದಿನದಲ್ಲಿ ಅವರು ಅದನ್ನು ಕೋವಿ ಎಂದು ಕರೆದದ್ದು ಅದೇ ಮೊದಲು.

ಕೈಗೆ ಹಗುರವಾಗಿತ್ತು, ಅದನ್ನು ಒಪ್ಪಲೇಬೇಕು. ಗಿರಣಿಯಲ್ಲಿ ಎತ್ತಿ ನಿಂತರೆ ಭುಜ ಸುಮ್ಮನಿತ್ತು. ಆದರೆ ಇನ್ನೊಂದು ತಾಪತ್ರಯ ಹುಟ್ಟಿತು. ಚಾಸಿಯಲ್ಲಿ ಕೆನ್ನೆಯಿಡುವ ಜಾಗವನ್ನು ತಿರುಪಿನಿಂದ ನನಗೆ ಬೇಕಾದಷ್ಟು ಎತ್ತಿಕೊಂಡಿದ್ದೆ. ಸಾದಾ ಹಿಡಿಯಲ್ಲಿ ಕೆನ್ನೆಯಿಟ್ಟರೆ ನನ್ನ ಕಣ್ಣು ಗುರಿ ನೋಡುವ ತೂತಿಗಿಂತ ಕೆಳಗಿರುತ್ತಿತ್ತು. ಕತ್ತು ಎತ್ತಿ ಇಣುಕಬೇಕು, ಇಣುಕಿದರೆ ಕತ್ತು ನೋವು. ಸುಬೇದಾರರು ಸ್ಪಂಜು ಕಟ್ಟಿ ನೋಡಿದರು, ಅದು ಒತ್ತಿದರೆ ಕುಸಿಯಿತು. ರಬ್ಬರ್ ಕಟ್ಟಿದರು, ಬೆವರಿಗೆ ಜಾರಿತು. ಪಂದ್ಯ ಹತ್ತಿರ ಬಂತು, ನನ್ನ ಸಿಟ್ಟೂ ಹತ್ತಿರ ಬಂತು.

ನಮ್ಮ ಕಡೆ ಮಳೆಗಾಲದ ಮುಂಚೆ ಮರದ ಸಾಮಾನಿಗೆಲ್ಲ ಗೇರೆಣ್ಣೆ ಹಚ್ಚುತ್ತಾರೆ. ಗೇರುಬೀಜದ ಸಿಪ್ಪೆಯಿಂದ ತೆಗೆದ ಕಪ್ಪು ಮಂದ ಎಣ್ಣೆ. ಮರ ಅದನ್ನು ಕುಡಿದು ಒಣಗಿದರೆ ಗೆದ್ದಲೂ ಹತ್ತುವುದಿಲ್ಲ, ಬೂಸಲೂ ಬರುವುದಿಲ್ಲ. ಆದರೆ ಹಸಿ ಎಣ್ಣೆ ಚರ್ಮಕ್ಕೆ ತಾಗಿದರೆ ಸುಟ್ಟು ಬೊಕ್ಕೆಯೇಳುತ್ತದೆ. ಈ ಕೆಲಸಕ್ಕೆ ನಮ್ಮ ಮನೆಯಲ್ಲಿ ಮಾವನೇ ಯಜಮಾನರು. ಕೈಗೆಲ್ಲ ತೆಂಗಿನೆಣ್ಣೆ ಬಳಿದುಕೊಂಡು, ತೆಂಗಿನ ಗರಟೆಯಲ್ಲಿ ಗೇರೆಣ್ಣೆ ಹಾಕಿಕೊಂಡು, ಕೋಲಿಗೆ ಚಿಂದಿ ಸುತ್ತಿ, ಏಣಿ, ಕತ್ತಿಯ ಹಿಡಿ, ಗುದ್ದಲಿ ಕಾವು, ಬಾಗಿಲ ದಾರಂದ ಎಂದು ಒಂದನ್ನೂ ಬಿಡದೆ ಹಚ್ಚುತ್ತಾರೆ. ಆ ದಿನಗಳಲ್ಲಿ ಮನೆಯ ಅನ್ನಕ್ಕೂ ಗೇರೆಣ್ಣೆಯ ವಾಸನೆ.

ಹಾಗಾಗಿಯೇ ನನಗೆ ವಾಸನೆ ಬೇರೆಯಾಗಿ ಗೊತ್ತಾಗಲಿಲ್ಲ. ಪಂದ್ಯಕ್ಕೆ ಒಂದು ವಾರವಿದೆ ಎನ್ನುವಾಗ ಒಂದು ಸಂಜೆ, ಮನೆಯಲ್ಲೇ ಎತ್ತಿ ಹಿಡಿಯುವ ಅಭ್ಯಾಸ ಮಾಡೋಣ ಎಂದು ರೈಫಲ್ಲು ತೆಗೆದೆ. ಹಿಡಿ ಎಂದಿಗಿಂತ ಮಿರಿಮಿರಿ ಹೊಳೆಯುತ್ತಿತ್ತು. ಪ್ಲಾಸ್ಟಿಕ್ಕಿಗೂ ಒಂದು ಚಂದ ಇದೆ ಮಾರಾಯ್ತಿ ಎಂದು ನನಗೆ ನಾನೇ ಹೇಳಿಕೊಂಡು, ಕೆನ್ನೆಯನ್ನು ಗಟ್ಟಿಯಾಗಿ ಒತ್ತಿ, ಗೋಡೆಯ ಕ್ಯಾಲೆಂಡರಿಗೆ ಗುರಿಯಿಟ್ಟು ನಿಂತೆ. ಕೆನ್ನೆ ತೆಗೆಯಲು ಹೋದರೆ ಅಂಟಿಕೊಂಡಿತ್ತು.

ಬೆಳಿಗ್ಗೆ ಕನ್ನಡಿ ನೋಡಿದರೆ ನನ್ನ ಬಲಗೆನ್ನೆ ಮೊದಲು ಕಾಣಿಸಿತು, ಆಮೇಲೆ ನಾನು. ಕೆಂಪಗೆ ಊದಿ ತುಟಿಯ ಮೂಲೆಯವರೆಗೆ ಎಳೆದುಕೊಂಡಿತ್ತು. ಬೈಯೋಣವೆಂದು ಜಗಲಿಗೆ ಹೋದೆ. ತುಟಿ ಸರಿಯಾಗಿ ಆಡದೆ ನನ್ನ ಬೈಗುಳವೆಲ್ಲ ಮಗುವಿನ ತೊದಲು ಮಾತಾಗಿ ಹೊರಬಿತ್ತು. ಗಂಡ ಬೆನ್ನು ತಿರುಗಿಸಿ ನಿಂತರು, ಅವರ ಭುಜ ಕುಲುಕುವುದು ಕಾಣುತ್ತಿತ್ತು. ಮಾವ ಮಾತ್ರ ನಗಲಿಲ್ಲ. ಅವರ ಮುಖ ಸಣ್ಣದಾಗಿತ್ತು. ಗೇರೆಣ್ಣೆ ಹಚ್ಚಿದ್ದು ತಾವೇ ಎಂದು ಒಪ್ಪಿಕೊಂಡರು.

"ಆನೇ ಹಚ್ಚಿದ್ದಿ ಕೂಸೇ. ಮಳೆಗಾಲ ಬಂತಲೇ, ಹಿಡಿ ಹಾಳಾಗ್ತು ಹೇಳಿ."

"ಫೈಬರಿಗೆ ಗೆದ್ದಲು ಹಿಡಿತಿಲ್ಲೆ ಮಾವ" ಎಂದೆ. ಅಂದರೆ ಹಾಗೆನ್ನಲು ಪ್ರಯತ್ನಿಸಿದೆ.

ಪ್ರತಿ ಮಳೆಗಾಲದ ಮುಂಚೆ ಅವರು ಮೊಟ್ಟಮೊದಲು ಗೇರೆಣ್ಣೆ ಹಚ್ಚುತ್ತಿದ್ದದ್ದು ತಮ್ಮ ಕೋವಿಯ ಹಿಡಿಗಂತೆ. ಆಮೇಲೆ ಬಿಸಿಲಿಗಿಟ್ಟು, ಒಣಗಿದ ಮೇಲೆ ಗೂಟಕ್ಕೆ ಹಾಕಿ, ಉಳಿದದ್ದಕ್ಕೆ ಕೈ ಹಚ್ಚುವುದು. ಇದನ್ನು ಹೇಳಿದ್ದು ಗಂಡ, ನನ್ನ ಕೆನ್ನೆಗೆ ತೆಂಗಿನೆಣ್ಣೆ ಸವರುತ್ತ. ಸಿಟ್ಟು ಎಲ್ಲಿಗೆ ಹೋಯಿತೋ ಗೊತ್ತಿಲ್ಲ. ನಗು ಬಂತು, ನಕ್ಕರೆ ಕೆನ್ನೆ ಉರಿಯಿತು.

ಆ ಇಡೀ ದಿನ ಮಾವ ಜಗಲಿಯಲ್ಲಿ ಕೂತು ಹಿಡಿಯನ್ನು ಚಿಮಣಿ ಎಣ್ಣೆಯಲ್ಲಿ ಒರೆಸಿದರು, ಬೂದಿ ಹಾಕಿ ತಿಕ್ಕಿದರು, ಸೋಪು ಹಾಕಿದರು. ನಾನೇ ತಿರುಪು ಬಿಚ್ಚಿ ಹಿಡಿಯನ್ನು ಬೇರೆ ಮಾಡಿ ಕೊಟ್ಟಿದ್ದೆ. ಹೆಚ್ಚಿನದೆಲ್ಲ ಹೋಯಿತು, ಆದರೆ ಕೆನ್ನೆ ತಾಗುವಲ್ಲಿದ್ದ ಸಣ್ಣ ಗೆರೆಗಳೊಳಗೆ ಅಂಟು ಹಾಗೇ ಉಳಿಯಿತು. ಅದರ ಮೇಲೆ ಇನ್ನೊಮ್ಮೆ ಮುಖ ಇಡಲು ನಾನು ತಯಾರಿರಲಿಲ್ಲ. ಮಾವ ಎದ್ದು ಹೋಗಿ ಅಡಿಕೆ ಹಾಳೆ ತಂದು ನೀರಲ್ಲಿ ನೆನೆಹಾಕಿದರು. ಮೆತ್ತಗಾದ ಮೇಲೆ ಒಳಮೈಯನ್ನು ಮೇಲೆ ಮಾಡಿ, ಹಿಡಿಗೆ ಒಂದರ ಮೇಲೊಂದು ಸುತ್ತಿ, ಹುರಿಯಿಂದ ಬಿಗಿದು ನೆರಳಲ್ಲಿ ಒಣಗಲು ಇಟ್ಟರು. ನಡುಗುವ ಕೈಗೆ ಗಂಟು ಹಾಕಲು ಬರಲಿಲ್ಲ. ಅವರು ಬಿಗಿದು ಹಿಡಿದರು, ನಾನು ಗಂಟು ಹಾಕಿದೆ. ನನ್ನ ಕೆನ್ನೆಗೆ ವಿಷ ತಾಗಬಾರದು ಎನ್ನುವುದಷ್ಟೇ ಅವರ ಲೆಕ್ಕಾಚಾರ.

ಹಾಳೆ ಒಣಗಿ ಹಿಡಿಯ ಆಕಾರಕ್ಕೇ ಕೂತಿತು. ಮತ್ತೆ ತಿರುಪು ಹಾಕಿ ಜೋಡಿಸಿ, ಹೆದರುತ್ತ ಹೆದರುತ್ತ ಕೆನ್ನೆಯಿಟ್ಟೆ. ನುಣುಪಾಗಿ, ತಂಪಾಗಿತ್ತು. ಕಣ್ಣು ತೆರೆದರೆ ಗುರಿಯ ತೂತು ನನ್ನ ಕಣ್ಣಿನ ನೇರಕ್ಕೇ ಇತ್ತು. ಸ್ಪಂಜು, ರಬ್ಬರು ಕೊಡಲಾಗದ ಎತ್ತರವನ್ನು ಹಾಳೆಯ ಸುತ್ತು ತನ್ನ ಪಾಡಿಗೆ ತಾನು ಕೊಟ್ಟಿತ್ತು. ಸರಿಯಾದ ಎತ್ತರ ಹೇಗೆ ಗೊತ್ತಾಯಿತು ಎಂದು ಮಾವನನ್ನು ಕೇಳಿದೆ. ಎತ್ತರವೋ, ಯಾವ ಎತ್ತರ, ಹಾಳೆ ಅಷ್ಟೇ ಇತ್ತು ಎಂದರು.

ಪಂದ್ಯದ ದಿನ ಬೆಳಿಗ್ಗೆ ಹೊರಡುವಾಗ ಮಾವನ ಕೊಡೆ ಜಗಲಿಯ ಕುರ್ಚಿಯ ಮೇಲಿತ್ತು. ಎಲ್ಲಿಗೋ ಹೊರಟಿದ್ದಾರೆ ಅಂದುಕೊಂಡೆ. ಕೇಳುವಷ್ಟು ಸಮಾಧಾನ ನನಗಿರಲಿಲ್ಲ.

ಯಲ್ಲಾಪುರದ ಪಂದ್ಯ ಒಂದು ಮದುವೆ ಹಾಲಿನಲ್ಲಿತ್ತು. ವಧೂವರರು ಕೂರುವ ಜಾಗದಲ್ಲಿ ಗುರಿಯ ಕಾಗದಗಳು. ರೈಫಲ್ಲು ಪರೀಕ್ಷೆ ಮಾಡುವವರು ನನ್ನದನ್ನು ತಿರುಗಿಸಿ ತಿರುಗಿಸಿ ನೋಡಿ, ಹಾಳೆಯ ಮೇಲೆ ಬೆರಳಿನಿಂದ ಬಡಿದು, ಇದೇನು ಎಂದು ಕೇಳಿದರು. ಸುಬೇದಾರರು ನನ್ನ ಪರವಾಗಿ ಮುಂದೆ ಬಂದು, ಹಾಳಿ ರೀ, ನಿಮ್ಮ ಊಟದ ತಾಟೂ ಅದರದ್ದ ಐತಿ ಎಂದರು. ನಿಜಕ್ಕೂ ಆ ದಿನ ಊಟಕ್ಕೆ ಹಾಳೆ ತಟ್ಟೆಗಳೇ ಇದ್ದವು. ಪರೀಕ್ಷೆಯವರು ನಕ್ಕು, ಒಪ್ಪಿಗೆಯ ಚೀಟಿ ಅಂಟಿಸಿ ಬಿಟ್ಟರು. ನನ್ನ ಕೆನ್ನೆಯ ಕಂದು ಕಲೆಯ ಬಗ್ಗೆ ಯಾರೂ ಕೇಳಲಿಲ್ಲ, ಕೇಳಿದ್ದರೆ ದೊಡ್ಡ ಕಥೆ ಹೇಳಬೇಕಾಗುತ್ತಿತ್ತು.

ಮೊದಲರ್ಧ ಚೆನ್ನಾಗಿಯೇ ನಡೆಯಿತು. ಆಮೇಲೆ ಭುಜ ತನ್ನ ಇರುವಿಕೆ ತಿಳಿಸಿತು. ಹಳೆಯ ಚಾಸಿಯಾಗಿದ್ದರೆ ಅಷ್ಟು ಹೊತ್ತಿಗೆ ನಾನು ಕುರ್ಚಿ ಹುಡುಕುತ್ತಿದ್ದೆ. ರೈಫಲ್ಲು ಇಳಿಸಿ, ಕೈ ಕೊಡವಿ, ಮತ್ತೆ ಎತ್ತಿದೆ. ಕೆನ್ನೆಯಿಟ್ಟಾಗಲೆಲ್ಲ ಹಾಳೆಯ ವಾಸನೆ, ಅದರಡಿಯಿಂದ ಸಣ್ಣಗೆ ಗೇರೆಣ್ಣೆಯ ವಾಸನೆ. ಆ ವಾಸನೆಗೆ ನಮ್ಮ ಜಗಲಿ ನೆನಪಾಗುತ್ತಿತ್ತು, ನೆನಪಾದರೆ ನಗು ಬರುತ್ತಿತ್ತು, ನಗು ಇಳಿಯುವವರೆಗೆ ಕಾಯಬೇಕಾಗುತ್ತಿತ್ತು, ಅಷ್ಟರಲ್ಲಿ ಭುಜಕ್ಕೂ ವಿಶ್ರಾಂತಿ. ಹಾಗೇ ಇಳಿಸುತ್ತ ಎತ್ತುತ್ತ ಕೊನೆಯ ಗುಂಡೂ ಹೋಯಿತು. ಸಮಯ ಮುಗಿದ ಗಂಟೆ ಅದಾದ ಮೇಲೆ ಹೊಡೆಯಿತು.

ಗೆದ್ದದ್ದು ಕಾಲೇಜಿಗೆ ಹೋಗುವ ಒಬ್ಬಳು ಹುಡುಗಿ. ಪಟ್ಟಿಯಲ್ಲಿ ನನ್ನ ಹೆಸರನ್ನು ಕೆಳಗಿನಿಂದ ಹುಡುಕಿದರೆ ಬೇಗ ಸಿಗುತ್ತಿತ್ತು. ನನಗೇನೂ ಬೇಸರವಾಗಲಿಲ್ಲ. ನಾನು ಕುಣಿಯುವುದೊಂದು ಬಾಕಿ. ಸುಬೇದಾರರು ಏನೂ ಗೊತ್ತಿಲ್ಲದವರ ಹಾಗೆ ಕೈ ಚಾಚಿ, ರೈಫಲ್ಲು ಕೊಡತೀರೇನ್ರಿ ಎಂದು ಕೇಳಿದರು. ರೈಫಲ್ಲಿನ ಪೆಟ್ಟಿಗೆಯನ್ನು ಎದೆಗೆ ಅವಚಿಕೊಂಡು ನಿಂತೆ. ಬೇಕಿದ್ದರೆ ನೀಲಿ ಚಾಸಿ ತೆಗೆದುಕೊಳ್ಳಿ, ಯಾರಾದರೂ ಗಟ್ಟಿ ಭುಜದವರಿಗೆ ಕೊಡಿ ಎಂದೆ. ಹೇಳಿದ ಮೇಲೆ ನೋಡಿದರೆ ಮನಸ್ಸಿನಲ್ಲಿ ಒಂದು ಚೂರೂ ನೋವಿರಲಿಲ್ಲ.

ಕಾನಸೂರು ಮುಟ್ಟುವಾಗ ಮುಚ್ಚಂಜೆ. ಮಾವ ಜಗಲಿಯಲ್ಲೇ ಕೂತಿದ್ದರು. ಕಾರಿನಿಂದ ಇಳಿಯುವಾಗ ಅವರು ನೋಡಿದ್ದು ನನ್ನ ಮುಖವನ್ನಲ್ಲ, ಕೈಯನ್ನು. ಕೈಯಲ್ಲಿ ಪೆಟ್ಟಿಗೆ ಕಂಡಮೇಲೆ ಮುಖ ನೋಡಿದರು. ಎಷ್ಟನೆಯ ಸ್ಥಾನ ಎಂದು ಕೇಳಲಿಲ್ಲ. ಎದ್ದು ಗೋಡೆಯ ಹತ್ತಿರ ಹೋಗಿ ನಿಂತರು.

ಕೊಡೆ ಇನ್ನೂ ಕುರ್ಚಿಯ ಮೇಲೇ ಇತ್ತು. ಅವರು ಎಲ್ಲಿಗೂ ಹೋಗಿರಲಿಲ್ಲ. ಗೋಡೆಯ ಗೂಟಗಳೆರಡೂ ಖಾಲಿಯಿದ್ದವು, ದೀಪದ ಬೆಳಕಿಗೆ ಕಪ್ಪಗೆ ಮಿಂಚುತ್ತಿದ್ದವು. ನಾನು ಪೆಟ್ಟಿಗೆ ತೆರೆದು ರೈಫಲ್ಲು ತೆಗೆದು, ಹತ್ತಿರ ಹೋಗಿ, ಆ ಮಿಂಚು ನೋಡಿ ಅಲ್ಲೇ ನಿಂತುಬಿಟ್ಟೆ. ಕೆನ್ನೆ ತನ್ನಿಂದ ತಾನೇ ಉರಿದ ಹಾಗಾಯಿತು.

"ಹೆದ್ರಡ" ಎಂದರು ಮಾವ. "ಗೂಟ ಮರದ್ದು. ನೀ ಹೋಪ ಮುಂಚೇ ಆನೇ ಹಚ್ಚಿದ್ದಿ. ಒಣಗಿದ್ದು."

ಬೆರಳ ತುದಿಯಿಂದ ಮುಟ್ಟಿ ನೋಡಿದೆ. ಒಣಗಿತ್ತು. ರೈಫಲ್ಲನ್ನು ಅವರ ಕೈಗೇ ಕೊಟ್ಟೆ. ಅವರು ಅದನ್ನು ಗೂಟಗಳ ಮೇಲೆ ಅಡ್ಡ ಮಲಗಿಸಿ, ಒಂದು ಹೆಜ್ಜೆ ಹಿಂದೆ ಸರಿದು ನೋಡಿ, ನಳಿಕೆಯ ಕಡೆಯನ್ನು ಚೂರು ಸರಿಪಡಿಸಿದರು.